ಸಹಾಯ ಬೇಕು: ಬಲಗೈಗೆ ಜೋಮು, ಕಾದಂಬರಿ ಅರ್ಧಕ್ಕೆ ನಿಂತಿದೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ನವನಗರದಲ್ಲಿದ್ದುಕೊಂಡು, ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಕುಟುಂಬವೊಂದರ ಕುರಿತು 2 ವರ್ಷಗಳಿಂದ ಕಾದಂಬರಿ ಬರೆಯುತ್ತಿದ್ದೇನೆ. ಈಗ 6 ತಿಂಗಳಿಂದ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದು, ರಾತ್ರಿ ಎದ್ದು ಕೈ ಜಾಡಿಸಿದರಷ್ಟೇ ತುಸು ಹಗುರವಾಗುತ್ತದೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಇದು ಕಾರ್ಪಲ್ ಟನಲ್ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಒಬ್ಬ ವೈದ್ಯರು ಶಸ್ತ್ರಚಿಕಿತ್ಸೆಯೇ ಆಗಬೇಕೆಂದರೆ, ಇನ್ನೊಬ್ಬರು ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೆಲವು ವಾರ ನೋಡೋಣ ಎನ್ನುತ್ತಾರೆ. ಬರೆಯುವುದನ್ನು ನಿಲ್ಲಿಸಿ ಎನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಮೊಬೈಲಿಗೆ ಹೇಳಿ ಬರೆಸಿ ನೋಡಿದೆ. ವರ್ಣನೆಯ ಭಾಗ ಹೇಗೋ ಮೂಡುತ್ತದೆ, ಆದರೆ ಕಾದಂಬರಿಯ ಅಜ್ಜಿ ‘ನಾ ಈ ಮನಿ ಬಿಟ್ಟ ಹೋಗಂಗಿಲ್ಲ’ ಎಂದರೆ ಅದು ‘ನಾನು ಈ ಮನೆ ಬಿಟ್ಟು ಹೋಗುವುದಿಲ್ಲ’ ಎಂದಾಗಿಬಿಡುತ್ತದೆ, ಅದನ್ನು ತಿದ್ದುವುದಕ್ಕೆ ಮತ್ತೆ ಅದೇ ಕೈ ಬೇಕು. ಓಣಿಯ ಹುಡುಗನೊಬ್ಬನನ್ನು ಎದುರಿಗೆ ಕೂರಿಸಿಕೊಂಡು ಬರೆಸಲು ಹೋದರೆ, ಸಂಕೋಚಕ್ಕೆ ನನಗೆ ಮಾತೇ ಹೊರಡಲಿಲ್ಲ.

ದಯವಿಟ್ಟು ತಿಳಿಸಿ: ಹೇಳಿ ಬರೆಸುವಾಗ ನಮ್ಮ ಕಡೆಯ ಮಾತನ್ನು ಇದ್ದ ಹಾಗೆಯೇ ಉಳಿಸಿಕೊಳ್ಳುವ ಉಪಾಯವೇನು? ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬರಹಗಾರರು ಇಲ್ಲಿದ್ದರೆ, ಎಷ್ಟು ವಾರಗಳ ನಂತರ ಮತ್ತೆ ಪೆನ್ನು ಹಿಡಿದಿರಿ?