ದಾವಣಗೆರೆ ಹತ್ತಿರ ಪ್ಯಾಡಲ್ ಬೋರ್ಡ್ ಕಲಿಯೋಕೆ ಸೂಳೆಕೆರೆ ಆಗುತ್ತಾ?

ವಿದ್ಯಾನಗರದವಳು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿರೋ ನನ್ನ ತಮ್ಮ ಮನೆ ಬದಲಾಯಿಸುವಾಗ ಗಾಳಿ ತುಂಬೋ ಪ್ಯಾಡಲ್ ಬೋರ್ಡ್ (ಮೇಲೆ ನಿಂತು ಹುಟ್ಟು ಹಾಕೋ ತೇಲು ಹಲಗೆ) ಒಂದನ್ನು ನಮ್ಮನೆಗೆ ತಂದು ಹಾಕಿ ಹೋಗಿದ್ದಾನೆ. 10 ಅಡಿ 6 ಇಂಚು ಉದ್ದ, 32 ಇಂಚು ಅಗಲ, 6 ಇಂಚು ದಪ್ಪ. ಚೀಲದಲ್ಲಿ ಕೈಪಂಪು, ಮೂರು ತುಂಡಾಗೋ ಹುಟ್ಟು, ಅಡಿಗೆ ಸಿಗಿಸೋ ಫಿನ್ (ಮೀನಿನ ರೆಕ್ಕೆಯಂಥದ್ದು), ಕಾಲಿಗೆ ಕಟ್ಟೋ ಸುರುಳಿ ಹಗ್ಗ ಎಲ್ಲ ಇದೆ. ಅವನೂ ಬಳಸಿದವನಲ್ಲ, ಹಾಗಾಗಿ ಅವನನ್ನು ಕೇಳಿ ಉಪಯೋಗವಿಲ್ಲ.

ನನಗೆ ಈಜು ಬರುತ್ತೆ, ಆದರೆ ಈಜುಕೊಳದ ಈಜು ಅಷ್ಟೇ. ನಮ್ಮ ಮನೆಯವರು 90 ಕೆಜಿ, ಈಜು ಸುಮಾರು. ನಿಂತ ನೀರಲ್ಲಿ ಒಬ್ಬೊಬ್ಬರಾಗಿ ಕಲಿಯೋಣ ಅಂತ ಆಸೆ. ಕುಂದುವಾಡ ಕೆರೆ ಊರಿಗೆ ಕುಡಿಯೋ ನೀರು, ಅಲ್ಲಿ ಇಳಿಯೋ ಮಾತೇ ಇಲ್ಲ ಅಂತ ಗೊತ್ತು. ಸೂಳೆಕೆರೆ ಆಗುತ್ತಾ? ಕೊಂಡಜ್ಜಿ? ಭದ್ರಾ ನಾಲೆ ಹತ್ತಿರವೇ ಇದೆ, ಅಲ್ಲಿ ಹೇಗೆ?

ಇನ್ನೊಂದು. ಟೆರೇಸ್ ಮೇಲೆ ಪಂಪ್ ಹೊಡೆದು ನೋಡಿದೆವು. ಎಷ್ಟು ಹೊಡೆದರೂ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಎಲ್ಲೋ ಪಂಕ್ಚರ್ ಆಗಿದೆಯಾ? ಪಿ.ಬಿ. ರಸ್ತೆಯ ಟಯರ್ ಅಂಗಡಿಗೆ ಒಯ್ದರೆ ಗಾಳಿ ಹಾಕಿ ಕೊಡ್ತಾರಾ, ಅಥವಾ ನಗ್ತಾರಾ?


ಹರಿಹರ ಗ್ಯಾರೇಜ್:

ನಗೋದಿಲ್ಲ ಮೇಡಂ, ಆದರೆ ಅವರ ನಳಿಕೆ ಇದಕ್ಕೆ ಕೂರೋದಿಲ್ಲ. ಪಂಕ್ಚರ್ ಇರಲಿಕ್ಕಿಲ್ಲ. ಈ ಬೋರ್ಡಿನ ಒಳಗೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸಾವಿರಾರು ದಾರ ಹೊಲಿದಿರುತ್ತಾರೆ. ಅದಕ್ಕೇ ಗಾಳಿ ತುಂಬಿದರೂ ಬಲೂನಿನಂತೆ ಉಬ್ಬದೆ ಹಲಗೆಯ ಆಕಾರಕ್ಕೆ ಬರುತ್ತೆ. ಮೊದಲು ಹೋಗೋ ಗಾಳಿಯೆಲ್ಲ ಆ ಜಾಗ ತುಂಬೋಕೇ ಖರ್ಚಾಗುತ್ತೆ, ಒತ್ತಡ ಏರೋದು ಆಮೇಲೆ. ಕೈಪಂಪಿನ ಮೀಟರ್ 5–6 ಪಿಎಸ್‌ಐ (ಟಯರಿನ ಗಾಳಿ ಒತ್ತಡ ಅಳೆಯೋ ಅದೇ ಲೆಕ್ಕ) ಆಗೋವರೆಗೆ ಅಲ್ಲಾಡೋದೇ ಇಲ್ಲ ಅಂದುಕೊಳ್ಳಿ. ಹೊಸಬರೆಲ್ಲ ಕೈ ಬಿಡೋದು ಅಲ್ಲೇ.

ನೋಡಬೇಕಾದ್ದು ವಾಲ್ವ್. ಮುಚ್ಚಳ ತೆಗೆದರೆ ನಡುವೆ ಸ್ಪ್ರಿಂಗ್ ಇರೋ ಒಂದು ಸಣ್ಣ ಪಿನ್ ಕಾಣುತ್ತೆ. ಒತ್ತಿ ಸ್ವಲ್ಪ ತಿರುಗಿಸಿದರೆ ಕೆಳಗೇ ನಿಲ್ಲುತ್ತೆ, ಇನ್ನೊಮ್ಮೆ ಒತ್ತಿ ತಿರುಗಿಸಿದರೆ ಟಪ್ ಅಂತ ಮೇಲೆ ಬರುತ್ತೆ. ಗಾಳಿ ತುಂಬುವಾಗ ಪಿನ್ ಮೇಲಿರಬೇಕು. ಕೆಳಗಿದ್ದರೆ ನೀವು ಬೆವರು ಸುರಿಸಿ ತುಂಬಿದ್ದೆಲ್ಲ ಪೈಪ್ ಕಿತ್ತ ತಕ್ಷಣ ಬುಸ್ ಅಂತ ಹೊರಗೆ ಹೋಗುತ್ತೆ.

ಎಷ್ಟು ತುಂಬಬೇಕು ಅಂತ ಬೋರ್ಡಿನ ಮೇಲೇ ಬರೆದಿರುತ್ತೆ, ಸಾಮಾನ್ಯವಾಗಿ 12ರಿಂದ 15. ಬೈಕ್ ಟಯರಿಗೆ 30ರ ಹತ್ತಿರ ಹಾಕಿಸ್ತೀವಲ್ಲ, ಅದರ ಅರ್ಧ. ಅಷ್ಟೇನಾ ಅನ್ನಬೇಡಿ, ಕೊನೆಯ ನಾಲ್ಕೈದು ಪಿಎಸ್‌ಐಗೆ ಸೊಂಟ ಬಗ್ಗಿಸಿ ಮೈಭಾರ ಹಾಕಿಯೇ ಒತ್ತಬೇಕು. ಪಂಪಿನಲ್ಲಿ ಒಂದು ಸಣ್ಣ ಬಿರಡೆ ಇದ್ದರೆ ಅರ್ಧ ತುಂಬಿದ ಮೇಲೆ ತೆಗೆಯಿರಿ. ಆಗ ಒತ್ತುವಾಗ ಮಾತ್ರ ಗಾಳಿ ಹೋಗುತ್ತೆ, ಎಳೆಯುವಾಗ ಹೋಗಲ್ಲ, ಕೈಗೆ ಹಗುರ. ಎಂಟು ಹತ್ತಕ್ಕೇ ಸಾಕು ಅಂತ ನಿಲ್ಲಿಸಿದರೆ 90 ಕೆಜಿ ಅಣ್ಣ ನಿಂತ ಕೂಡಲೇ ಬೋರ್ಡು ನೆನೆದ ಹಪ್ಪಳದ ಥರ ನಡುವೆ ಬಗ್ಗುತ್ತೆ.

ಆದರೂ ಇಳೀತಿದೆ ಅನ್ನಿಸಿದರೆ ವಾಲ್ವ್ ಸುತ್ತ ಸೋಪಿನ ನೀರು ಹಾಕಿ. ಗುಳ್ಳೆ ಬಂದರೆ ರಿಪೇರಿ ಕಿಟ್ಟಿನಲ್ಲಿರೋ ಪ್ಲಾಸ್ಟಿಕ್ ಸ್ಪ್ಯಾನರ್‌ನಿಂದ ವಾಲ್ವ್ ಬಿಗಿ ಮಾಡಿ, ಬಹಳ ಸಲ ಅಷ್ಟರಲ್ಲೇ ನಿಲ್ಲುತ್ತೆ.


ಚನ್ನಗಿರಿ ತೋಟ:

ಅಕ್ಕ, ಮೊದಲು ನಾಲೆ ವಿಷಯ. ಬೇಡ. ಕಲಿತ ಮೇಲೂ ಬೇಡ. ನಾಲೆ ಬಿಟ್ಟಾಗ ನೀರು ನೋಡೋಕೆ ಸಮಾಧಾನವಾಗಿರುತ್ತೆ, ಒಳಗೆ ಎಳೆತ ಜಾಸ್ತಿ. ಎರಡೂ ಬದಿ ಇಳಿಜಾರು ಕಾಂಕ್ರೀಟು, ಮೇಲೆ ಪಾಚಿ, ಹಿಡಿದು ಹತ್ತೋಕೆ ಏನೂ ಇಲ್ಲ. ಈಜು ಬರೋರೂ ಅಲ್ಲಿ ಜೀವ ಕಳೆದುಕೊಂಡಿದ್ದಾರೆ.

ಸೂಳೆಕೆರೆ ಅಂದರೆ ಅದನ್ನು ಕೆರೆ ಅಂತ ಲೆಕ್ಕ ಹಾಕಬೇಡಿ. ತುಂಬಿದಾಗ 6,000 ಎಕರೆಗೂ ಮೇಲೆ ನೀರು. ಅಷ್ಟು ಬಯಲಿನ ಮೇಲೆ ಗಾಳಿ ಅಡ್ಡಿಯಿಲ್ಲದೆ ಓಡಿ ಬರುತ್ತೆ, ಒಂದು ದಡದಲ್ಲಿ ಸಣ್ಣ ಸುಕ್ಕಿನ ಹಾಗೆ ಕಾಣೋದು ಇನ್ನೊಂದು ದಡ ಮುಟ್ಟುವಾಗ ಅಲೆಯೇ ಆಗಿರುತ್ತೆ. ಮಳೆಗಾಲದ ಗಾಳಿ ನಿಮ್ಮನ್ನು ಏರಿ ಕಡೆಗೆ ತಳ್ಳುತ್ತೆ. ಏರಿ ಕಡೆ ಏನಿದೆ? ತೂಬು. ಸಿದ್ದನ ನಾಲೆ, ಬಸವನ ನಾಲೆ ಎರಡಕ್ಕೂ ನೀರು ಹೋಗೋದು ಅಲ್ಲಿಂದಲೇ. ತೂಬು ಎತ್ತಿದ್ದಾರೋ ಇಲ್ಲವೋ ಮೇಲಿಂದ ನೋಡಿದರೆ ಗೊತ್ತಾಗಲ್ಲ, ನೀರು ಒಳಗಿಂದ ಎಳೀತಿರುತ್ತೆ. ಹಾಗಾಗಿ ತೂಬಿನ ಹತ್ತಿರವೂ ಬೇಡ, ಕೋಡಿ ಹತ್ತಿರವೂ ಬೇಡ.

ಇನ್ನು ಬಲೆ. ಮೀನುಗಾರರು ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ, ನೀವು ಇಳಿಯೋದೂ ಬೆಳಿಗ್ಗೆಯೇ. ನೀರ ಮೇಲೆ ಸಾಲಾಗಿ ಬೆಂಡು ಕಂಡರೆ ಸುತ್ತಿ ಹೋಗಿ. ಫಿನ್ ಸಿಕ್ಕಿಕೊಂಡರೆ ಬೋರ್ಡಿನ ಮೇಲೆ ಹೊಟ್ಟೆ ಹಾಕಿ ಮಲಗಿ ಕೈಯಿಂದ ಬಿಡಿಸಿ, ಚಾಕು ತೆಗೆಯಬೇಡಿ. ಅದು ಒಬ್ಬರ ಹೊಟ್ಟೆಪಾಡು. ಇಳಿಯೋ ಮೊದಲು ನೀರಾವರಿ ಇಲಾಖೆಯವರನ್ನೂ ದಡದ ಮೀನುಗಾರರನ್ನೂ ಒಂದು ಮಾತು ಕೇಳಿ. ಇವತ್ತು ಗಾಳಿ ಎಷ್ಟು ಹೊತ್ತಿಗೆ ಏಳುತ್ತೆ ಅಂತ ಫೋನಿನ ಆ್ಯಪ್‌ಗಿಂತ ಹರಿಗೋಲಿನವರಿಗೆ ಚೆನ್ನಾಗಿ ಗೊತ್ತು.


ದುರ್ಗದ ಗಾಳಿ:

ಚಿತ್ರದುರ್ಗದಿಂದ. ನಮ್ಮ ಕಡೆ ಜೋಗಿಮಟ್ಟಿ ಗುಡ್ಡದ ಮೇಲೆ ಫ್ಯಾನುಗಳನ್ನು ಸುಮ್ನೆ ನೆಟ್ಟಿಲ್ಲ ಅಲ್ವಾ? ಆಷಾಢ ಶ್ರಾವಣದಲ್ಲಿ ಬೋರ್ಡನ್ನು ಚೀಲದಿಂದ ತೆಗೆಯೋದೇ ಬೇಡ. ಬೋರ್ಡು ಹತ್ತು ಕೆಜಿ ಇದ್ದರೆ ಹೆಚ್ಚು, ನೀರಿನ ಮೇಲೇ ತೇಲುತ್ತೆ, ನಿಂತ ಮನುಷ್ಯನೇ ಹಾಯಿಪಟ. ಗಂಟೆಗೆ 10–12 ಕಿಲೋಮೀಟರ್ ದಾಟಿದ ಗಾಳಿ ಹೊಸಬರಿಗೆ ಜಾಸ್ತಿಯೇ. ಬೆಳಕು ಹರಿದ ಮೇಲೆ ಇಳಿದು ಬಿಸಿಲು ಚುರುಕಾಗೋ ಮೊದಲು ದಡ ಸೇರಿ.

ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಅದೇ ಗಾಳಿ ವಾಪಸ್ ತರುತ್ತೆ. ಜನ ಉಲ್ಟಾ ಮಾಡ್ತಾರೆ. ಗಾಳಿ ಜೊತೆ ತೇಲಿಕೊಂಡು ಹೋಗಿ, ಆಹಾ ಎಷ್ಟು ಸಲೀಸು ಅಂದುಕೊಂಡು, ತಿರುಗಿ ನೋಡಿದರೆ ಕಾರು ಕಡ್ಲೆಬೀಜದಷ್ಟು ಕಾಣುತ್ತೆ. ಗಾಳಿ ಎದ್ದರೆ ಮಂಡಿಯೂರಿ ಹುಟ್ಟು ಹಾಕಿ, ಇನ್ನೂ ಜಾಸ್ತಿ ಆದರೆ ಮಲಗಿ ಕೈಯಲ್ಲೇ ಹೊಡೆಯಿರಿ.

ವಾಣಿವಿಲಾಸ ಸಾಗರ ಯಾರಾದರೂ ಹೇಳ್ತಾರೆ ಅಂತ ಮೊದಲೇ ಹೇಳಿಬಿಡ್ತೀನಿ. 1907ರಲ್ಲಿ ಮುಗಿದ ಅಣೆಕಟ್ಟು 1933 ಬಿಟ್ಟರೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ವರ್ಷಗಟ್ಟಲೆ ಒಣಗಿದ್ದ ಅಂಚಿನಲ್ಲಿ ಜಾಲಿ ಬೆಳೆದುಬಿಟ್ಟಿತ್ತು, ನೀರು ಏರಿದಾಗ ಅದೆಲ್ಲ ಒಳಗೇ ಮುಳುಗಿತು. ಹಿನ್ನೀರು ನೋಡೋಕೆ ಕನ್ನಡಿ, ಅಡಿಯಲ್ಲಿ ಮುಳ್ಳು. ಬೋರ್ಡಿನ ಹೊದಿಕೆ ಗಟ್ಟಿ, ಸುಲಭಕ್ಕೆ ಹರಿಯಲ್ಲ, ಆದರೆ ಗಾಳಿ ತುಂಬಿದ್ದನ್ನು ಜಾಲಿ ಮುಳ್ಳಿನ ಮೇಲೆ ಎಳೆಯೋದು ಯಾಕೆ? ಫಿನ್ ಕೊಂಬೆಗೆ ಬಡಿದರೆ ಬೋರ್ಡು ತಟ್ಟಂತ ನಿಲ್ಲುತ್ತೆ, ನೀವು ನಿಲ್ಲಲ್ಲ.


ವಿದ್ಯಾನಗರದವಳು:

ಪಿನ್ ವಿಷಯ ಸರಿಯಾಗಿತ್ತು, ಈಗ ಮುಳ್ಳು 13ಕ್ಕೆ ಬಂದು ನಿಂತಿದೆ! ಮನೆಯವರು ಅದರ ಮೇಲೆ ಮಲಗಿ ಪೇಪರ್ ಓದುತ್ತಿದ್ದಾರೆ.

ಕಾಲಿಗೆ ಹಗ್ಗ ಕಟ್ಟಲೇಬೇಕಾ? ಮುಳುಗಿದ ಗಿಡಕ್ಕೆ ಸಿಕ್ಕಿಹಾಕಿಕೊಂಡರೆ ಅದೇ ಅಪಾಯ ಅಲ್ವಾ? ಮತ್ತೆ ನಿಲ್ಲೋದು ಹೇಗೆ ಅಂತ ಯಾರೂ ಹೇಳಲಿಲ್ಲ.


ಘಟ್ಟದ ಕೆಳಗೆ:

ನಾನು ದಾವಣಗೆರೆಯವನೇ, ಕೆಲಸ ಮಂಗಳೂರು ಕಡೆ. ಇದನ್ನು ಕಲಿತದ್ದು ಮೂಲ್ಕಿಯಲ್ಲಿ, ಅಲ್ಲಿನ ಸರ್ಫಿಂಗ್ ಶಾಲೆಗಳವರು ಶಾಂಭವಿ ನದಿಯ ಹಿನ್ನೀರಿನಲ್ಲಿ ಕಲಿಸ್ತಾರೆ. ಆ ಕಡೆ ಬಂದರೆ ಒಂದು ಬೆಳಿಗ್ಗೆ ಅಲ್ಲಿ ಕಲಿತು ಹೋಗಿ, ಉಳಿದದ್ದೆಲ್ಲ ಸುಲಭ.

ಹಗ್ಗ ಕಟ್ಟಲೇಬೇಕು. ನಿಂತ ನೀರಲ್ಲಿ ನೀವು ಬಿದ್ದಾಗ ಬೋರ್ಡು ಗಾಳಿಗೆ ಹೋಗೋ ವೇಗಕ್ಕೆ ಯಾರೂ ಈಜಲಾರರು. ಸುರುಳಿ ಹಗ್ಗ ನೀರಲ್ಲಿ ಎಳೆದಾಡೋದಿಲ್ಲ, ಬೋರ್ಡಿನ ಮೇಲೇ ಇರುತ್ತೆ. ನೀವು ಹೇಳೋ ಅಪಾಯ ಹರಿಯೋ ನೀರಿನದು. ಅಲ್ಲಿ ಕಾಲಿಗೆ ಕಟ್ಟೋದಿಲ್ಲ, ಸೊಂಟಕ್ಕೆ ಕಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳೋ ಬೆಲ್ಟ್ ಹಾಕ್ತಾರೆ. ಮುಳುಗಿದ ಗಿಡ ಇರೋ ಜಾಗಕ್ಕೆ ಹಗ್ಗ ಬಿಚ್ಚಿ ಹೋಗೋದಲ್ಲ, ಹೋಗೋದೇ ಬೇಡ. ಲೈಫ್ ಜಾಕೆಟ್ ಮೈಮೇಲೆ ಇರಲಿ. ಬೋರ್ಡಿನ ಮೇಲೆ ಸಿಗಿಸಿಟ್ಟ ಜಾಕೆಟ್ ಫೋಟೋಗೆ ಮಾತ್ರ.

ನಿಲ್ಲೋದು: ಫಿನ್ ನೆಲಕ್ಕೆ ತಾಗದ ಹಾಗೆ ಮಂಡಿ ದಾಟಿದ ನೀರಿಗೆ ಬೋರ್ಡ್ ಒಯ್ಯಿರಿ. ನಡುವೆ ಒಂದು ಹಿಡಿ ಇದೆಯಲ್ಲ, ಅದರ ಎರಡೂ ಬದಿಗೆ ಮಂಡಿ ಊರಿ. ಮೊದಲ ದಿನ ಮಂಡಿಯಲ್ಲೇ ಹುಟ್ಟು ಹಾಕಿಕೊಂಡು ಸುತ್ತಾಡಿ, ನಾಚಿಕೆ ಏನಿಲ್ಲ. ಆಮೇಲೆ ಒಂದೊಂದೇ ಪಾದ ಮಂಡಿ ಇದ್ದ ಜಾಗಕ್ಕೆ ತಂದು ಏಳಿ. ಮಂಡಿ ಸಡಿಲ, ಪಾದ ಭುಜದಷ್ಟು ಅಗಲ, ಕಣ್ಣು ಎದುರು ದಡದ ಮೇಲೆ. ಎಲ್ಲರೂ ಪಾದ ನೋಡ್ತಾರೆ, ಬೀಳ್ತಾರೆ. ಎದ್ದ ತಕ್ಷಣ ಹುಟ್ಟು ನೀರಿಗೆ ಹಾಕಿ. ನೀರಲ್ಲಿರೋ ಹುಟ್ಟು ನಿಮಗೆ ಊರುಗೋಲು ಇದ್ದಂತೆ, ಗಾಳಿಯಲ್ಲಿ ಹಿಡಿದ ಹುಟ್ಟಿನಿಂದ ಏನೂ ಪ್ರಯೋಜನ ಇಲ್ಲ.

ಹುಟ್ಟಿನ ಅಲಗು ಅದರ ಕೋಲಿನಿಂದ ಸ್ವಲ್ಪ ಬಾಗಿರುತ್ತೆ. ಆ ಬಾಗು ಮುಂದಕ್ಕೆ ಇರಬೇಕು, ನಿಮ್ಮ ಕಡೆಗಲ್ಲ. ನೋಡೋಕೆ ತಪ್ಪು ಅನ್ನಿಸುತ್ತೆ, ಅದೇ ಸರಿ. ಉದ್ದ ನಿಮ್ಮ ಎತ್ತರಕ್ಕಿಂತ ಒಂದು ಗೇಣು ಜಾಸ್ತಿ. ಮುಂದೆ ಚಾಚಿ ಅಲಗು ಪೂರ್ತಿ ಮುಳುಗಿಸಿ, ಪಾದದ ಹತ್ತಿರ ಬಂದಾಗ ತೆಗೆಯಿರಿ. ಹಿಂದಿನವರೆಗೆ ಎಳೆದರೆ ಬೋರ್ಡು ಬರೀ ತಿರುಗುತ್ತೆ.

ಬೀಳೋದನ್ನೂ ಕಲಿಯಿರಿ. ಬೋರ್ಡಿನಿಂದ ಆಚೆಗೆ, ಮೈ ಹರಡಿ ಬೀಳಿ. ಕೆರೆಯಲ್ಲಿ ತಲೆ ಕೆಳಗೆ ಮಾಡಿ ಧುಮುಕೋದು ಬೇಡವೇ ಬೇಡ, ಅಡಿಯಲ್ಲಿ ಹೂಳೋ ಕಲ್ಲೋ ಗೊತ್ತಿರಲ್ಲ. ಮತ್ತೆ ಹತ್ತೋಕೆ ಬದಿಯಿಂದ ಬಂದು ನಡುವಿನ ಹಿಡಿ ಹಿಡಿದು, ಕಾಲು ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ತಂದು, ಎದೆ ಮೇಲೆಳೆದುಕೊಳ್ಳಿ. ಇದನ್ನು ಎದೆಮಟ್ಟದ ನೀರಲ್ಲಿ ಇಬ್ಬರೂ ಚೆನ್ನಾಗಿ ರೂಢಿ ಮಾಡಿಕೊಳ್ಳಿ, ಮುಖ್ಯವಾಗಿ ನಿಮ್ಮ ಮನೆಯವರು. ಅದು ಬರೋವರೆಗೆ ಆಳಕ್ಕೆ ಹೋಗಬೇಡಿ.


ಚನ್ನಗಿರಿ ತೋಟ:

ಕೊಂಡಜ್ಜಿ ಬಗ್ಗೆ ಕೇಳಿದ್ದಿರಿ. ಸುತ್ತ ಗುಡ್ಡ, ಸೂಳೆಕೆರೆಗಿಂತ ಎಷ್ಟೋ ಚಿಕ್ಕದು, ಎಲ್ಲಿಂದ ಎಲ್ಲಿ ಹೋದರೂ ದಡ ಕಾಣುತ್ತೆ. ಕಲಿಯೋಕೆ ನನ್ನ ಓಟು ಅದಕ್ಕೇ. ಅಲ್ಲೂ ಕೇಳಿಯೇ ಇಳಿಯಿರಿ.


ಹರಿಹರ ಗ್ಯಾರೇಜ್:

ಟೆರೇಸ್ ಅಂದ್ರಲ್ಲ ಮೇಡಂ, ತುಂಬಿದ ಬೋರ್ಡನ್ನು ಅಲ್ಲೇ ಮಧ್ಯಾಹ್ನದ ಬಿಸಿಲಿಗೆ ಬಿಟ್ಟಿಲ್ಲ ತಾನೇ? ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಅಂಟು ಬಿಡುತ್ತೆ. ಪೇಪರ್ ಓದೋರು ಎದ್ದ ಮೇಲೆ ನೆರಳಿಗೆ ಎಳೆಯಿರಿ, ಇಲ್ಲ ಎರಡು ಮೂರು ಪಿಎಸ್‌ಐ ಇಳಿಸಿ. ಕೆರೆ ದಡದಲ್ಲೂ ತಿಂಡಿಗೆ ಕೂತಾಗ ಅಷ್ಟೇ. ಮಡಿಸುವಾಗ ಪಿನ್ ಕೆಳಗೆ ಮಾಡಿ, ವಾಲ್ವ್ ಇಲ್ಲದ ತುದಿಯಿಂದ ಸುತ್ತಿಕೊಂಡು ಬನ್ನಿ, ಗಾಳಿ ತಾನೇ ಹೊರಗೆ ಹೋಗುತ್ತೆ. ಉಲ್ಟಾ ಸುತ್ತಿದರೆ ಚೀಲಕ್ಕೆ ಹಿಡಿಸಲ್ಲ.