ಹೊಕ್ಕುಳಬಳ್ಳಿಯ ರಕ್ತ ದಾನ: ಯಾವಾಗ ಹೇಳಿಡಬೇಕು, ಕೊಟ್ಟದ್ದು ಯಾಕೆ ತಿರಸ್ಕಾರವಾಗುತ್ತದೆ?

ಪ್ರಶ್ನೆ

ಮನೆಯವರಿಗೆ ಈಗ 29 ವಾರ. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಸಾರ್ವಜನಿಕ ಬ್ಯಾಂಕಿಗೆ (ಯಾವ ರೋಗಿಗಾದರೂ ಕಸಿಗೆ ಒದಗಲೆಂದು ಬಳ್ಳಿರಕ್ತ ಕೂಡಿಡುವ ಕಡೆ) ಕೊಡಬೇಕೆಂದು ಇಬ್ಬರಿಗೂ ಮನಸ್ಸಿದೆ. ಎಷ್ಟು ಮೊದಲು ತಿಳಿಸಬೇಕು? ಬಳ್ಳಿಯನ್ನು ತಡವಾಗಿ ಕ್ಲ್ಯಾಂಪ್ ಮಾಡಿದರೆ (ಚಿಮುಟದಿಂದ ಬಿಗಿದು ರಕ್ತದ ಹರಿವು ನಿಲ್ಲಿಸಿದರೆ) ಕೊಡಲು ರಕ್ತ ಉಳಿಯುತ್ತದೆಯೇ? ಕೊಟ್ಟದ್ದರಲ್ಲಿ ಬಹಳಷ್ಟು ಶೇಖರಣೆಗೇ ಹೋಗುವುದಿಲ್ಲವಂತೆ, ಯಾಕೆ?

ಉತ್ತರ 1 (ದಾನಿಗಳ ನೋಂದಣಿ)

ಈಗಲೇ ತಿಳಿಸಿ. 34 ವಾರ ದಾಟಿದ ಮೇಲೆ ಬಂದವರನ್ನು ಹಲವು ಬ್ಯಾಂಕುಗಳು ಸೇರಿಸಿಕೊಳ್ಳುವುದಿಲ್ಲ. ಮೊದಲು ಕೇಳಬೇಕಾದದ್ದು ಒಂದೇ: ನೀವು ಹೆರಿಗೆಗೆ ಹೋಗುವ ಆಸ್ಪತ್ರೆಯಿಂದ ಆ ಬ್ಯಾಂಕು ರಕ್ತ ಪಡೆಯುತ್ತದೆಯೇ? ಎಷ್ಟೋ ದಾನಗಳು ನಿಂತುಹೋಗುವುದು ಇಲ್ಲೇ.

ಒಪ್ಪಿಗೆ ಪತ್ರಕ್ಕೆ ತಾಯಿಯ ಸಹಿ ನೋವು ಜೋರಾಗುವ ಮುಂಚೆಯೇ ಆಗಿರಬೇಕು. ಹೆರಿಗೆಯ ಹಿಂದುಮುಂದಿನ 7 ದಿನಗಳೊಳಗೆ ತಾಯಿಯ ರಕ್ತ ತೆಗೆದು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಮೊದಲಾದವಕ್ಕೆ ಪರೀಕ್ಷಿಸುತ್ತಾರೆ. ಎರಡೂ ಕಡೆಯ ಕುಟುಂಬದಲ್ಲಿ ರಕ್ತದ ಅಥವಾ ರೋಗನಿರೋಧಕ ಶಕ್ತಿಯ ವಂಶವಾಹಿ ಕಾಯಿಲೆ ಇದೆಯೇ ಎಂದು ಕೇಳುತ್ತಾರೆ, ಮುಚ್ಚಿಡಬೇಡಿ. ಅವಳಿ ಮಕ್ಕಳು, ದಿನ ತುಂಬದ ಹೆರಿಗೆ, ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಜ್ವರ ಇದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ದಾನ ಮಾಡುವವರಿಗೆ ಖರ್ಚಿಲ್ಲ.

ಉತ್ತರ 2 (ಹೆರಿಗೆ ಕೊಠಡಿಯ ಶುಶ್ರೂಷಕಿ)

ಕ್ಲ್ಯಾಂಪ್ ವಿಷಯದಲ್ಲಿ ಮಗುವೇ ಮೊದಲು. 30ರಿಂದ 60 ಸೆಕೆಂಡು ಕಾದರೂ ರಕ್ತ ಸಂಗ್ರಹಿಸಲು ಪ್ರಯತ್ನಿಸಬಹುದು, ಸಿಗುವುದು ಕಡಿಮೆ ಅಷ್ಟೇ. ಬಳ್ಳಿಯ ಮಿಡಿತ ನಿಲ್ಲುವವರೆಗೂ ಕಾದರೆ ಚೀಲಕ್ಕೆ ಸಾಕಷ್ಟು ಬರುವುದು ಅಪರೂಪ. ಆ ರಕ್ತ ಮಗುವಿಗೆ ಕಬ್ಬಿಣಾಂಶ ಕೊಡುತ್ತದೆ, ಚೀಲ ತುಂಬಲೆಂದು ಅದನ್ನು ತಪ್ಪಿಸಬಾರದು.

ಬಳ್ಳಿ ಕತ್ತರಿಸಿ ಮಗು ಬೇರೆಯಾದ ಮೇಲೆಯೇ ನಮ್ಮ ಕೆಲಸ. ಬಳ್ಳಿಯಲ್ಲಿ ಮೂರು ನಾಳ: ಎರಡು ಸಣ್ಣ, ಗಟ್ಟಿ ಅಪಧಮನಿ, ಒಂದು ಅಗಲವಾದ, ಗೋಡೆ ತೆಳುವಾದ ಅಭಿಧಮನಿ. ಸೂಜಿ ಹಾಕುವುದು ಈ ಮೂರನೆಯದಕ್ಕೆ. ಚುಚ್ಚುವ ಜಾಗವನ್ನು ಮೊದಲು ಆಲ್ಕೊಹಾಲ್, ಆಮೇಲೆ ಅಯೋಡಿನ್ ಅಥವಾ ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸಿ ಒಣಗಲು ಬಿಡಬೇಕು. ಅವಸರದಲ್ಲಿ ಹಸಿಯಾಗಿರುವಾಗಲೇ ಚುಚ್ಚಿದರೆ ಸೋಂಕಿನ ಚೀಲ ಸಿಗುತ್ತದೆ. ಕತ್ತರಿಸಿದ ತುದಿಯ ಹತ್ತಿರದಿಂದ ಶುರುಮಾಡಿ. ಮೊದಲ ಚುಚ್ಚು ತಪ್ಪಿದರೆ ಮಾಸಿನ ಕಡೆಗೆ ಇನ್ನೂ ಜಾಗ ಇರುತ್ತದೆ. ಮಾಸಿನ ಕಡೆ ಶುರುಮಾಡಿದವರಿಗೆ ಕೆಳಗೆ ಮತ್ತೆ ಚುಚ್ಚಿದರೆ ಮೇಲಿನ ತೂತಿನಿಂದಲೇ ರಕ್ತ ಸೋರಿಹೋಗುತ್ತದೆ.

ಚೀಲ ಮಾಸಿಗಿಂತ ಕೆಳಗಿರಲಿ, ರಕ್ತ ತಾನಾಗಿ ಇಳಿಯುತ್ತದೆ. ಒಳಗೆ ಹೆಪ್ಪು ತಡೆಯುವ ದ್ರವ ಸುಮಾರು 25ರಿಂದ 35 ಮಿ.ಲೀ. ಇರುತ್ತದೆ, ಮೊದಲ ಹನಿ ಬಿದ್ದಾಗಿನಿಂದ ಚೀಲವನ್ನು ನಿಧಾನವಾಗಿ ತೂಗುತ್ತಲೇ ಇರಬೇಕು. ಬಳ್ಳಿ ಬಿಳಚಿ ಚಪ್ಪಟೆಯಾದರೆ ಮುಗಿಯಿತು. ತಾಯಿಗೆ ರಕ್ತಸ್ರಾವ ಕಂಡರೆ ಸಂಗ್ರಹ ಅಲ್ಲಿಗೇ ಬಿಡುತ್ತೇವೆ.

ಕೇಳಿದವರು

ಸಿಸೇರಿಯನ್ ಆದರೆ?

ಉತ್ತರ 2

ಆಗುತ್ತದೆ. ಹೊಟ್ಟೆ ಹೊಲಿಯುವವರಿಗೆ ತೊಂದರೆಯಾಗದಂತೆ ಮಾಸು ಹೊರಬಂದ ಮೇಲೆ ಅದನ್ನು ಸ್ಟ್ಯಾಂಡಿನಲ್ಲಿ ತೂಗುಹಾಕಿ ಪಕ್ಕದಲ್ಲಿ ತೆಗೆಯುವುದುಂಟು. ತಡಮಾಡಿದರೆ ಮಾಸಿನೊಳಗೇ ಹೆಪ್ಪುಗಟ್ಟುತ್ತದೆ.

ಉತ್ತರ 3 (ಸಂಸ್ಕರಣಾ ಪ್ರಯೋಗಾಲಯ)

ತಿರಸ್ಕಾರಕ್ಕೆ ದೊಡ್ಡ ಕಾರಣ ಜೀವಕೋಶಗಳ ಎಣಿಕೆ. ಕಸಿ ಮಾಡುವಾಗ, ಅಂದರೆ ಬಳ್ಳಿರಕ್ತದಲ್ಲಿರುವ ರಕ್ತ ಹುಟ್ಟಿಸುವ ಜೀವಕೋಶಗಳನ್ನು ರೋಗಿಗೆ ಕೊಡುವಾಗ, ರೋಗಿಯ ತೂಕದ ಪ್ರತಿ ಕಿಲೋಗೆ ಕಡಿಮೆಯೆಂದರೆ ಸುಮಾರು 2.5 ಕೋಟಿ ಕೋಶಕೇಂದ್ರವುಳ್ಳ ಜೀವಕೋಶ ಬೇಕು. 60 ಕಿಲೋ ರೋಗಿಗೆ 150 ಕೋಟಿ ಆಯಿತು. 100 ಮಿ.ಲೀ. ರಕ್ತದಲ್ಲಿ ಸಿಗುವುದು ಹೆಚ್ಚುಕಡಿಮೆ 100 ಕೋಟಿ, ಕರಗಿಸುವಾಗ ಒಂದಿಷ್ಟು ನಷ್ಟ ಬೇರೆ. ಹಾಗಾಗಿ 50 ಮಿ.ಲೀ. ಚೀಲ ಬಂದರೆ ಎಷ್ಟೇ ಅಚ್ಚುಕಟ್ಟಾಗಿ ತೆಗೆದಿದ್ದರೂ ನಾವು ಇಡುವುದಿಲ್ಲ. ಅನುಮತಿ ಪತ್ರದಲ್ಲಿ ಒಪ್ಪಿದ್ದರೆ ಅದು ಸಂಶೋಧನೆಗೆ ಹೋಗುತ್ತದೆ.

ಉಳಿದ ಕಾರಣಗಳು: ಹೆಪ್ಪು, ಬ್ಯಾಕ್ಟೀರಿಯಾ, ಚೀಟಿಯಲ್ಲಿ ಹೆಸರು ಅಥವಾ ಸಮಯ ತಪ್ಪು. ಸಂಗ್ರಹವಾದ 48 ಗಂಟೆಯೊಳಗೆ ಘನೀಕರಿಸಬೇಕು, ಆದ್ದರಿಂದ ಸಾಗಣೆ ತಡವಾದರೂ ಹೋಯಿತು. ಕೆಂಪುಕಣ, ಪ್ಲಾಸ್ಮಾ ತೆಗೆದು ಸುಮಾರು 20 ಮಿ.ಲೀ.ಗೆ ಇಳಿಸಿ, ಡಿಎಂಎಸ್‌ಒ (ಘನೀಕರಿಸುವಾಗ ಜೀವಕೋಶಗಳನ್ನು ಕಾಪಾಡುವ ದ್ರವ) ಸೇರಿಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸುತ್ತೇವೆ. ಬೇಗ ತಣಿಸಿದರೆ ಜೀವಕೋಶದೊಳಗೆ ಹಿಮದ ಹರಳು ಕಟ್ಟಿ ಒಡೆಯುತ್ತದೆ. ಆಮೇಲೆ −196 ಡಿಗ್ರಿಯ ದ್ರವ ಸಾರಜನಕ.

ಉತ್ತರ 4 (ಕಸಿ ವಿಭಾಗ)

1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲಕ್‌ಮನ್ ತಂಡ ಫ್ಯಾಂಕೋನಿ ಅನೀಮಿಯಾ (ಅಸ್ಥಿಮಜ್ಜೆ ರಕ್ತ ತಯಾರಿಸಲಾರದಂತಾಗುವ ವಂಶವಾಹಿ ಕಾಯಿಲೆ) ಇದ್ದ ಹುಡುಗನಿಗೆ ಅವನ ತಂಗಿಯ ಬಳ್ಳಿರಕ್ತ ಕೊಟ್ಟದ್ದೇ ಮೊದಲ ಕಸಿ. ನಿಮ್ಮ ಹಿರಿಯ ಮಗುವಿಗೇ ಇಂಥ ಕಾಯಿಲೆ ಇದ್ದರೆ ಸಾರ್ವಜನಿಕ ದಾನ ಬೇಡ, ವೈದ್ಯರಿಗೆ ಹೇಳಿ ಆ ಮಗುವಿಗೆಂದೇ ತೆಗೆದಿಡಿಸಿ. ಒಂದೇ ತಂದೆತಾಯಿಯ ಇಬ್ಬರು ಮಕ್ಕಳಲ್ಲಿ ಎಚ್‌ಎಲ್‌ಎ (ದೇಹ ತನ್ನದು, ಪರರದು ಎಂದು ಗುರುತಿಸುವ ಜೀವಕೋಶದ ಗುರುತುಗಳು) ಪೂರ್ತಿ ಹೊಂದುವ ಸಾಧ್ಯತೆ ಶೇ. 25. ಪರಿಚಯವೇ ಇಲ್ಲದವರಿಗೂ ಬಳ್ಳಿರಕ್ತ ಒದಗುವುದು, ಅಸ್ಥಿಮಜ್ಜೆಯಷ್ಟು ಕಟ್ಟುನಿಟ್ಟಿನ ಹೊಂದಾಣಿಕೆಯನ್ನು ಅದು ಬೇಡದಿರುವುದರಿಂದ.

ದಾನವಾದ ಮೇಲೂ ನಿಮ್ಮ ಕೈಯಲ್ಲಿ ಒಂದು ಕೆಲಸ ಉಳಿಯುತ್ತದೆ. ಮುಂದೆ ಮಗುವಿಗೆ ರಕ್ತದ ಅಥವಾ ವಂಶವಾಹಿ ಕಾಯಿಲೆ ಕಂಡುಬಂದರೆ ಬ್ಯಾಂಕಿಗೆ ತಿಳಿಸಿ, ಆ ಚೀಲವನ್ನು ಅವರು ತಡೆಹಿಡಿಯುತ್ತಾರೆ.