ಕಾಗದ ಕತ್ತರಿಸುವ ಕಲೆ: ಚಿತ್ರದ ಭಾಗಗಳು ಕಳಚಿ ಬೀಳದಂತೆ ವಿನ್ಯಾಸ ಮಾಡುವುದು ಹೇಗೆ?

ಪ್ರಶ್ನೆ:
ಮಥುರಾ ಮತ್ತು ವೃಂದಾವನದ ಸಾಂಝಿ ಕಲೆಯ ಚಿತ್ರಗಳನ್ನು ನೋಡಿದ ಮೇಲೆ, ಕಾಗದ ಕತ್ತರಿಸುವ ಕಲೆಯನ್ನು ಕೈಯಾರೆ ಮಾಡಬೇಕೆಂಬ ಆಸೆ ಬಲವಾಗಿದೆ. ಕೃಷ್ಣ, ಹಸುಗಳು, ಮರ, ಬಳ್ಳಿ ಎಲ್ಲವೂ ಒಂದೇ ಹಾಳೆಯಲ್ಲಿ ಒಂದನ್ನೊಂದು ಬಿಡದೆ ನಿಂತಿರುವುದು ನನಗೆ ಬಹಳ ಸೊಗಸಾಗಿ ಕಂಡಿತು. ಚಿತ್ರ ಬರೆಯುವ ಅಭ್ಯಾಸ ನನಗಿದೆ. ಆದರೆ ಬರೆದದ್ದನ್ನು ಕತ್ತರಿಸಹೊರಟರೆ ಕಣ್ಣು, ಹೂವಿನ ನಡುಭಾಗ ಮುಂತಾದವು ಕಳಚಿ ಬೀಳುತ್ತವೆ. ಇದನ್ನು ತಪ್ಪಿಸುವುದು ಹೇಗೆ? ಕತ್ತರಿ ಉತ್ತಮವೋ, ಚಾಕು ಉತ್ತಮವೋ? ಎಂತಹ ಕಾಗದ ಬೇಕು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಪೆನ್ಸಿಲ್ಲಿನ ಗೆರೆಗೆ ಅಗಲವಿಲ್ಲದಿದ್ದರೂ ನಡೆಯುತ್ತದೆ, ಕಾಗದದ ಗೆರೆಗೆ ಅಗಲ ಬೇಕೇ ಬೇಕು. ಆದ್ದರಿಂದ ಗೆರೆಗಳಲ್ಲಿ ಯೋಚಿಸುವುದನ್ನು ಬಿಟ್ಟು, ಯಾವ ಭಾಗ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಯೋಚಿಸಿ. ಕತ್ತರಿಸಿ ತೆಗೆಯುವ ಜಾಗಗಳಿಗೆಲ್ಲ ಮೊದಲು ಪೆನ್ಸಿಲ್ಲಿನಿಂದ ಬಣ್ಣ ತುಂಬಿ. ಅನಂತರ ಉಳಿಯುವ ಭಾಗದ ಯಾವುದೇ ಬಿಂದುವಿನ ಮೇಲೆ ಬೆರಳಿಟ್ಟು, ಬಣ್ಣ ತುಂಬಿದ ಜಾಗವನ್ನು ದಾಟದೆ ಹಾಳೆಯ ಅಂಚಿನವರೆಗೆ ಬರಲು ಸಾಧ್ಯವೇ ಎಂದು ನೋಡಿ. ಬರಲಾಗದಿದ್ದರೆ ಆ ಭಾಗ ಬಿದ್ದುಹೋಗುತ್ತದೆ. ಅಲ್ಲಿ ಒಂದು ಕಿರಿದಾದ ಪಟ್ಟಿಯನ್ನು ಕೊಂಡಿಯಾಗಿ ಉಳಿಸಬೇಕು. ಈ ಕೊಂಡಿ ಚಿತ್ರದ ಅಂಗವಾಗಿಯೇ ಇದ್ದರೆ ಚೆಂದ: ಕಣ್ಣಿನ ಪಾಪೆ ಮೇಲಿನ ರೆಪ್ಪೆಗೆ ಅಂಟಿರಲಿ, ಹೂವಿನ ನಡುಭಾಗ ಎಸಳುಗಳ ನಡುವಿನ ಸಂದಿಯ ಮೂಲಕ ಹೊರಗಿನ ಕಾಗದವನ್ನು ಸೇರಲಿ.

ನೀವು ಮೆಚ್ಚಿದ ಸಾಂಝಿಯಲ್ಲಿ ಈ ಕೊಂಡಿಗಳಿಗೆ ವಿಶೇಷ ಮಹತ್ವವಿದೆ, ಏಕೆಂದರೆ ಅಲ್ಲಿ ಕತ್ತರಿಸಿದ ಕಾಗದವು ಸ್ಟೆನ್ಸಿಲ್ ಆಗಿ ಬಳಕೆಯಾಗುತ್ತದೆ. ಅದನ್ನು ನೆಲದ ಮೇಲಿಟ್ಟು, ತೆರಪುಗಳ ಮೂಲಕ ಬಣ್ಣದ ಪುಡಿಯನ್ನು ಉದುರಿಸಿ ಚಿತ್ರ ಮೂಡಿಸುತ್ತಾರೆ. ಹಾಳೆಯನ್ನು ಎತ್ತುವಾಗ ಅದು ಹರಿಯಬಾರದು, ಜೋತುಬೀಳಲೂಬಾರದು.

ಉತ್ತರ 2:
ಉಪಕರಣದ ಬಗ್ಗೆ ಹೇಳುವುದಾದರೆ, ಕಾಗದ ಕತ್ತರಿಸುವ ಒಂದೊಂದು ಪರಂಪರೆಗೂ ಒಂದೊಂದು ಸಾಧನವಿದೆ. ಸಾಂಝಿಯಲ್ಲಿ ಸೂಕ್ಷ್ಮವಾದ ಕತ್ತರಿ, ಪೋಲೆಂಡಿನ ವಿಚಿನಾಂಕಿಯಲ್ಲಿ ಕುರಿಯ ತುಪ್ಪಟ ಕತ್ತರಿಸುವ ದೊಡ್ಡ ಕತ್ತರಿ, ಮೆಕ್ಸಿಕೊದ ಪಪೆಲ್ ಪಿಕಾಡೊದಲ್ಲಿ ತೆಳುಹಾಳೆಗಳ ಅಟ್ಟಿಯ ಮೇಲೆ ಉಳಿ ಮತ್ತು ಸುತ್ತಿಗೆ. 2009ರಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿದ ಚೀನಾದ ಕಾಗದ ಕತ್ತರಿಕೆಯಲ್ಲಿ ಕತ್ತರಿ, ಚಾಕು ಎರಡೂ ಉಂಟು. ಒಳಗಿನ ಸಣ್ಣ ತೆರಪುಗಳು ಹೆಚ್ಚಿರುವ ನಿಮ್ಮ ಚಿತ್ರಗಳಿಗೆ, ಕಟಿಂಗ್ ಮ್ಯಾಟಿನ (ಕತ್ತರಿಸುವಾಗ ಕಾಗದದ ಅಡಿಗೆ ಹಾಸುವ ಹಾಸು) ಮೇಲೆ 11ನೇ ಸಂಖ್ಯೆಯ ಮೊನಚಾದ ಬ್ಲೇಡಿರುವ ಚಾಕುವನ್ನು ಬಳಸುವುದು ಸುಲಭವೆಂದು ನನ್ನ ಅಭಿಪ್ರಾಯ. ಮೊಂಡಾದ ಬ್ಲೇಡು ಕತ್ತರಿಸುವ ಬದಲು ನಾರನ್ನು ಎಳೆದು ಹರಿಯುತ್ತದೆ, ಅದನ್ನು ಆಗಾಗ ಬದಲಿಸಲು ಹಿಂಜರಿಯಬೇಡಿ. ಬಾಗು ಬಂದಾಗ ಚಾಕುವನ್ನಲ್ಲ, ಕಾಗದವನ್ನು ತಿರುಗಿಸಬೇಕು. ಚದರ ಮೀಟರಿಗೆ 80ರಿಂದ 120 ಗ್ರಾಂ ತೂಗುವ ಕಾಗದ ಆರಂಭಕ್ಕೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಒಳಗಿನ ಅತಿ ಸಣ್ಣ ತೆರಪುಗಳನ್ನು ಮೊದಲು ತೆಗೆದು, ದೊಡ್ಡವನ್ನು ಆಮೇಲೆ ತೆಗೆದು, ಹೊರಗಿನ ಅಂಚನ್ನು ಕಟ್ಟಕಡೆಗೆ ಕತ್ತರಿಸಬೇಕು. ದೊಡ್ಡ ಭಾಗ ಮೊದಲೇ ಹೋದರೆ ಹಾಳೆ ಬಲ ಕಳೆದುಕೊಂಡು ಬ್ಲೇಡಿನ ಜೊತೆಗೇ ಸರಿಯುತ್ತದೆ.

ಉತ್ತರ 3:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಚಾಕುವಿನಿಂದ ಆರಂಭಿಸುವುದು ನನಗೆ ಸರಿಯೆನಿಸುವುದಿಲ್ಲ. ಹಾಳೆಯನ್ನು ಒಮ್ಮೆ ನಡುವೆ ಮಡಚಿ, ಸಣ್ಣ ಕತ್ತರಿಯಿಂದ ಒಂದು ಮರವನ್ನು ಕತ್ತರಿಸಿ ನೋಡಿ. ಪೋಲೆಂಡಿನ ಕುರ್ಪಿಯೆ ಪ್ರದೇಶದ ಮರದಾಕಾರದ ವಿನ್ಯಾಸಗಳು ಹೀಗೆಯೇ ಒಂದು ಮಡಿಕೆಯಿಂದ ಹುಟ್ಟುತ್ತವೆ. ಮಡಿಕೆಯ ಅಂಚನ್ನು ಅಲ್ಲಲ್ಲಿ ಕತ್ತರಿಸದೆ ಬಿಟ್ಟರೆ ಮಾತ್ರ ಎರಡು ಪಾಲುಗಳು ಕೂಡಿರುತ್ತವೆ. ಕೊಂಡಿಯ ತತ್ತ್ವವನ್ನು ಕೈಗೆ ಕಲಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ. ಮಡಿಕೆಗಳನ್ನು ಹೆಚ್ಚಿಸುತ್ತ ಹೋಗಬೇಡಿ, ಪದರಗಳು ದಪ್ಪವಾದಷ್ಟೂ ಒಳಪದರದ ಆಕಾರ ಹೊರಪದರಕ್ಕಿಂತ ಬೇರೆಯಾಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಮೊದಲು ಮಡಿಕೆಯ ಮರವನ್ನೇ ಮಾಡುತ್ತೇನೆ. ಪೆನ್ಸಿಲ್ಲಿನ ಗುರುತು ಕಾಣದಂತೆ ಮಾಡುವುದು ಮತ್ತು ಅಂಟಿಸುವುದು ಹೇಗೆಂದೂ ತಿಳಿಸುವಿರಾ?

ಉತ್ತರ 2:
ಚಿತ್ರವನ್ನು ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ಎಡಬಲ ಅದಲುಬದಲಾಗುವುದರಿಂದ, ಅಕ್ಷರಗಳಿದ್ದರೆ ಅವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಬರೆಯಬೇಕು. ನೀರು ಹೆಚ್ಚಿರುವ ಅಂಟು ಕಾಗದವನ್ನು ಸುಕ್ಕಾಗಿಸುತ್ತದೆ. ಗಟ್ಟಿಯಾದ ಅಂಟನ್ನು ಕಡ್ಡಿಯ ತುದಿಯಿಂದ ಅಲ್ಲಲ್ಲಿ ಚುಕ್ಕಿಯಷ್ಟೇ ಇಟ್ಟು, ನಡುವಿನಿಂದ ಹೊರಕ್ಕೆ ಮೆಲ್ಲನೆ ಒತ್ತಿ, ಒಣಗುವವರೆಗೆ ಭಾರವಾದ ಪುಸ್ತಕದ ಕೆಳಗೆ ಇಡಿ.